ನಿದ್ದೆ ಹುಡುಕಿ ಕುದ್ರುವಿಗೆ ಹೋದ ವರ್ತಕ

ಶಿಷ್ಯನೊಬ್ಬನು ಗುರುಗಳನ್ನು ಕೇಳಿದನು: “ಸ್ವಾಮಿ, ಮಠದಲ್ಲಿ ಎಲ್ಲರೂ ಒಂದು ತಿಂಗಳು ಮೌನವಾಗಿರಬೇಕೆಂದು ತಾವು ಅಪ್ಪಣೆ ಮಾಡಬಾರದೇ? ಈ ಗದ್ದಲದಲ್ಲಿ ನನ್ನ ಧ್ಯಾನ ನಿಲ್ಲುವುದಿಲ್ಲ.”

ಗದ್ದಲವೆಂದರೆ ಯಾವುದು ಎಂದು ಗುರುಗಳು ವಿಚಾರಿಸಿದರು. ಶಿಷ್ಯನು ಅದನ್ನೆಲ್ಲ ಮೊದಲೇ ಯೋಚಿಸಿಕೊಂಡು ಬಂದಿದ್ದನು. ಅಡುಗೆಮನೆಯಲ್ಲಿ ಒರಳಿನ ಗುಂಡು ತಿರುಗುತ್ತದೆ. ಪಕ್ಕದ ಕೋಣೆಯವನು ಕೆಮ್ಮುತ್ತಾನೆ. ಕೊಟ್ಟಿಗೆಯ ಹಸು ಸರಿಯಾಗಿ ಧ್ಯಾನದ ಹೊತ್ತಿಗೇ ಅಂಬಾ ಎನ್ನುತ್ತದೆ. ಗುರುಗಳು ಎಲ್ಲವನ್ನೂ ಕೇಳಿಸಿಕೊಂಡು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದನು. ಅವನಿಗೆ ಎಲ್ಲವೂ ಇತ್ತು, ನಿದ್ದೆ ಇರಲಿಲ್ಲ. ಆರು ತಿಂಗಳು ನಿದ್ದೆಗೆಟ್ಟು ಅವನ ಕೈ ನಡುಗತೊಡಗಿತು. ತಕ್ಕಡಿ ಹಿಡಿದರೆ ಮುಳ್ಳು ನಿಲ್ಲುತ್ತಿರಲಿಲ್ಲ. ಗಿರಾಕಿಗಳು ಅದನ್ನು ಬೇರೆಯೇ ರೀತಿಯಲ್ಲಿ ಅರ್ಥಮಾಡಿಕೊಂಡರು. ವೈದ್ಯನು ನಾಡಿ ಹಿಡಿದು ನೋಡಿ, ಒಂದು ತಿಂಗಳು ಸದ್ದಿಲ್ಲದ ಕಡೆ ಹೋಗಿ ನಿದ್ದೆ ಮಾಡಬೇಕು, ಮಾಡದಿದ್ದರೆ ಮುಂದಿನ ವರ್ಷ ನನ್ನ ಬಳಿ ಬರುವ ಅಗತ್ಯ ಬೀಳುವುದಿಲ್ಲ ಎಂದನು.

ವರ್ತಕನು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ರಜೆಯ ಮೇಲೆ ಹೊರಟನು. ಹೊಳೆಯ ನಡುವೆ ಒಂದು ಕುದ್ರು ಇತ್ತು. ಸುತ್ತ ನೀರು, ನಡುವೆ ಹನ್ನೆರಡು ಮನೆ. ಅಲ್ಲಿ ಗಾಡಿಯಿಲ್ಲ, ರಸ್ತೆಯಿಲ್ಲ. ಸಂತೆಗೆ ಹೋಗಲಿ, ಗುಡಿಗೆ ಹೋಗಲಿ, ಕ್ಷೌರಕ್ಕೆ ಹೋಗಲಿ, ದೋಣಿಯಲ್ಲೇ ಹೋಗಬೇಕು. ವರ್ತಕನು ಒಂದು ಮನೆಯನ್ನು ಬಾಡಿಗೆಗೆ ಹಿಡಿದನು. ಮೊದಲ ದಿನ ಮೂರು ಸಲ ದೋಣಿಯಲ್ಲಿ ಹೋಗಿ ಬಂದನು. ಮೂರನೆಯ ಸಲ ಅವನಿಗೆ ಆಚೆ ದಡದಲ್ಲಿ ಯಾವ ಕೆಲಸವೂ ಇರಲಿಲ್ಲ. ಇಂಥ ನಿಶ್ಶಬ್ದವನ್ನು ಹುಟ್ಟಿದ ಮೇಲೆ ಕೇಳಿರಲಿಲ್ಲ ಎಂದು ಅವನು ಅಂಬಿಗನಿಗೆ ದಾರಿಯುದ್ದಕ್ಕೂ ಹೇಳಿದನು.

ಎರಡನೆಯ ದಿನ ಅವನಿಗೆ ಸದ್ದು ಕೇಳಿಸತೊಡಗಿತು.

ಕುದ್ರುವಿನ ಹೆಂಗಸರು ತೆಂಗಿನ ಸಿಪ್ಪೆಯನ್ನು ನೀರಿನಲ್ಲಿ ಕೊಳೆಹಾಕಿ, ಬಡಿದು ನಾರು ತೆಗೆದು, ಹಗ್ಗ ಹೊಸೆಯುತ್ತಿದ್ದರು. ಬಡಿಯುವ ಕೆಲಸವನ್ನು ಮೆಲ್ಲಗೆ ಮಾಡಲು ಬರುವುದಿಲ್ಲ. ವರ್ತಕನು ಅವರ ಬಳಿ ಹೋಗಿ ಕೈಮುಗಿದು ತನ್ನ ಕಾಯಿಲೆಯನ್ನು ವಿವರಿಸಿದನು. ಜೀವದ ಪ್ರಶ್ನೆ ಎಂದ ಮೇಲೆ ಹೆಂಗಸರು ಎದುರಾಡಲಿಲ್ಲ. ಸಿಪ್ಪೆಯನ್ನೂ ಬಡಿಯುವ ಕೊಡತಿಗಳನ್ನೂ ದೋಣಿಗೆ ಹಾಕಿಕೊಂಡು ಆಚೆ ದಡಕ್ಕೆ ಹೋದರು.

ಮಾರನೆಯ ದಿನ ಹುಂಜದ ವಿಚಾರ ಬಂತು. ಹುಂಜವೂ ದೋಣಿ ಹತ್ತಿತು. ಅದರ ಮರುದಿನ ಇಬ್ಬರು ವಾರಗಿತ್ತಿಯರ ಜಗಳ. ಅವರು ಹದಿನಾಲ್ಕು ವರ್ಷಗಳಿಂದ, ಊಟವಾದ ಮೇಲೆ, ಒಂದು ಬೇಲಿಯ ಬಗ್ಗೆ ಜಗಳವಾಡಿಕೊಂಡು ಬಂದವರು. ಅವರೂ ವರ್ತಕನ ಮುಖ ನೋಡಿ ಕನಿಕರಪಟ್ಟು, ಒಂದೇ ದೋಣಿಯಲ್ಲಿ ಎದುರುಬದುರು ಕುಳಿತು ಆಚೆ ದಡಕ್ಕೆ ಹೋಗಿ, ಜಗಳ ಮುಗಿಸಿ, ಎಲೆಯಡಿಕೆ ಹಂಚಿಕೊಂಡು ಬರತೊಡಗಿದರು.

ಉಳಿದದ್ದು ಕೂಗು. ಹೊಳೆ ದಾಟಬೇಕಾದವರು ದೋಣಿ ನಿಲ್ಲುವ ಕಡವಿಗೆ ಬಂದು “ಹ್ವಾಯ್” ಎಂದು ಅಂಬಿಗನನ್ನು ಕೂಗುವುದು ಅಲ್ಲಿನ ವಾಡಿಕೆ. ಹನ್ನೆರಡು ಮನೆಗೆ ಹನ್ನೆರಡು ಬಗೆಯ ಹ್ವಾಯ್. ವರ್ತಕನು ಯೋಚಿಸಿ ಒಂದು ಉಪಾಯ ಹೇಳಿದನು: ಕೂಗುವುದೇಕೆ, ಟವೆಲು ಬೀಸಿದರೆ ಸಾಲದೇ? ಎಲ್ಲರೂ ಅಂಬಿಗನ ಮುಖ ನೋಡಿದರು. ಅಂಬಿಗನ ಕಣ್ಣಿಗೆ ಪೊರೆ ಬಂದು ಐದು ವರ್ಷವಾಗಿತ್ತು. ಅವನಿಗೆ ಆಚೆ ದಡ ಕಾಣಿಸುತ್ತಿರಲಿಲ್ಲ, ಕೇಳಿಸುತ್ತಿತ್ತು. ಆದರೆ ಕಣ್ಣು ಕಾಣುವುದಿಲ್ಲ ಎಂದು ದೋಣಿ ನಡೆಸುವವನು ದೋಣಿಯಲ್ಲಿ ಕೂರುವವನಿಗೆ ಹೇಳುವುದು ಶಿಷ್ಟಾಚಾರವಲ್ಲ. ಆದ್ದರಿಂದ ಅವನು “ಆಗಲಿ ಸಾಹುಕಾರರೇ” ಎಂದನು.

ಕೂಗಿಲ್ಲದ ಮೇಲೆ ದೋಣಿ ಯಾವಾಗ ಬರುತ್ತದೆಂದು ನಂಬುವಂತಿರಲಿಲ್ಲ. ಹಾಗಾಗಿ ಕುದ್ರುವಿನವರು ಒಂದು ಏರ್ಪಾಡು ಮಾಡಿಕೊಂಡರು. ಬೆಳಗಾದೊಡನೆ ದೋಣಿ ಒಂದೆರಡು ಸಲ ಹೋಗಿ ಬಂದು ಎಲ್ಲರನ್ನೂ ಆಚೆ ದಡಕ್ಕೆ ಒಯ್ಯುವುದು, ಸಂಜೆ ಹಾಗೆಯೇ ಕರೆತರುವುದು. ಬಡಿಯುವವರು ಅಲ್ಲಿ ಬಡಿದರು, ಜಗಳವಾಡುವವರು ಅಲ್ಲಿ ಜಗಳವಾಡಿದರು. ಒಬ್ಬ ಮುದುಕನು ಸೀನು ಬಂದೀತು ಎಂಬ ಮುನ್ನೆಚ್ಚರಿಕೆಯಿಂದ ಅವರೊಂದಿಗೆ ಹೋದನು.

ಹಗಲೆಲ್ಲ ಕುದ್ರುವಿನಲ್ಲಿ ವರ್ತಕನೊಬ್ಬನೇ. ಅವನು ಚಾಪೆ ಹಾಸಿ ಮಲಗಿದನು. ಸದ್ದಿರಲಿಲ್ಲ. ನಿಜವಾಗಿಯೂ ಇಲ್ಲವೇ ಎಂದು ಕಿವಿಗೊಟ್ಟನು. ಒಂದು ತೆಂಗಿನಕಾಯಿ ಬಿದ್ದಿತು. ಯಾರು ಬೀಳಿಸಿದರೆಂದು ಎದ್ದು ಹೋಗಿ ನೋಡಿ ಬಂದನು. ಯಾರೂ ಇರಲಿಲ್ಲ. ಮತ್ತೆ ಮಲಗಿ ಎರಡನೆಯ ಕಾಯಿಗೆ ಕಾದನು. ಅದು ಬೀಳಲಿಲ್ಲ. ಆ ದಿನ ಅವನನ್ನು ನಿದ್ದೆಗೆಡಿಸಿದ್ದು ಅದೇ.

ಹೀಗೆ ಒಂದು ವಾರ ಕಳೆಯಿತು. ವರ್ತಕನ ಕಣ್ಣು ಕೆಂಪಾಗಿ, ಕಾಲೂ ನಡುಗತೊಡಗಿತು. ಈ ಜಾಗವೂ ಆಗಲಿಲ್ಲ, ಇದಕ್ಕಿಂತ ಸದ್ದಿಲ್ಲದ ಕುದ್ರು ಎಲ್ಲಿದೆಯೆಂದು ವೈದ್ಯನನ್ನೇ ಕೇಳೋಣವೆಂದು ಅವನು ಗಂಟು ಕಟ್ಟಿಕೊಂಡು ಕಡವಿಗೆ ಬಂದನು. ದೋಣಿ ಆಗಲೇ ಹೋಗಿತ್ತು. ಆಚೆ ದಡದಲ್ಲಿ ಅಂಬಿಗನು ಇವನತ್ತಲೇ ಮುಖ ಮಾಡಿ ಬೀಡಿ ಸೇದುತ್ತ ಕುಳಿತಿದ್ದನು. ವರ್ತಕನು ಟವೆಲು ಬೀಸಿದನು. ಅಂಬಿಗನು ಬೀಡಿ ಸೇದಿದನು. ವರ್ತಕನು ಕೊಡೆ ಬಿಚ್ಚಿ ಬೀಸಿದನು, ಉತ್ತರೀಯ ಬೀಸಿದನು. ಉಳಿದವರು ತಂತಮ್ಮ ಕೆಲಸದಿಂದ ತಲೆಯೆತ್ತಲಿಲ್ಲ. ಪಂಚೆ ಬೀಸುವ ಯೋಚನೆಯೂ ಬಂತು. ದಡದಲ್ಲಿ ವಾರಗಿತ್ತಿಯರಿದ್ದುದರಿಂದ ಬಿಟ್ಟನು.

ಕೊನೆಗೆ ಅವನು ಕೂಗಿದನು. ಮೊದಲು ಮರ್ಯಾದೆಯಿಂದ ಕೂಗಿದನು. ಆಮೇಲೆ ಹ್ವಾಯ್ ಎಂದನು. ಆದರೆ ಆಚೆ ದಡದಲ್ಲಿ ಎಂಟು ಕೊಡತಿಗಳು ಸಿಪ್ಪೆ ಬಡಿಯುತ್ತಿದ್ದವು, ಹುಂಜ ಕೂಗುತ್ತಿತ್ತು, ಬೇಲಿಯ ವಿಚಾರ ನಡೆಯುತ್ತಿತ್ತು. ಎಲ್ಲವನ್ನೂ ಅವನೇ ಅಲ್ಲಿಗೆ ಕಳಿಸಿದ್ದನು. ಮಧ್ಯಾಹ್ನದವರೆಗೆ ಕೂಗಿದನು. ಬಿಸಿಲು ಇಳಿಯುವವರೆಗೆ ಕೂಗಿದನು. ಗಂಟಲು ಕಟ್ಟಿ ಸ್ವರ ಪೂರಾ ನಿಂತಿತು. ಅವನು ಕಡವಿನ ಮೆಟ್ಟಿಲ ಮೇಲೆ, ಗಂಟಿಗೆ ತಲೆಯೊರಗಿಸಿ ಕುಳಿತನು.

ಸಂಜೆ ದೋಣಿ ಬಂದಾಗ ವರ್ತಕನು ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದನು.

ದೋಣಿಯಲ್ಲಿದ್ದ ಮುದುಕಿಯೊಬ್ಬಳು ಅಂಬಿಗನನ್ನು ಕೇಳಿದಳು: “ಪಾಪ, ಗಂಟು ಕಟ್ಟಿಕೊಂಡು ಬಂದು ಕೂಗಿ ಕೂಗಿ ಬಿದ್ದಂತಿದೆ. ನಿನಗೆ ಕೇಳಿಸಲಿಲ್ಲವೇನೋ?”

ಅಂಬಿಗನು ಹೇಳಿದನು: “ಏನೋ ಕೇಳಿಸಿತು ಅಮ್ಮ. ನಮ್ಮ ಹನ್ನೆರಡು ಮನೆಯ ಕೂಗಲ್ಲ. ಸಾಹುಕಾರರಂತೂ ಕೂಗುವವರಲ್ಲ. ಹಾಗಾದರೆ ಯಾರೂ ಅಲ್ಲ ಎಂದುಕೊಂಡೆ.”

ನಾಲ್ವರು ಸೇರಿ ಅವನನ್ನು ಹೊತ್ತು ಜಗಲಿಯ ಮೇಲೆ ಮಲಗಿಸಿದರು. ಅವನು ಎದ್ದದ್ದು ಮರುದಿನ ಬಿಸಿಲು ನೆತ್ತಿಗೆ ಬಂದ ಮೇಲೆ. ಎದ್ದು ನೋಡಿದರೆ, ಅವನ ತಲೆಯಿಂದ ಹತ್ತು ಮಾರು ದೂರದಲ್ಲಿ ಹೆಂಗಸರು ಸಿಪ್ಪೆ ಬಡಿಯುತ್ತಿದ್ದರು. ಸಾಹುಕಾರರು ಊರಿಗೆ ಹೊರಟು ಗಂಟು ಕಟ್ಟಿದ್ದನ್ನು ಕಂಡು ಅವರು ತಮ್ಮ ಕೆಲಸವನ್ನು ಮನೆಗೆ ತಂದಿದ್ದರು. ಅವನು ಎದ್ದುದನ್ನು ನೋಡಿ ಎಂಟು ಕೈಗಳೂ ಗಾಳಿಯಲ್ಲಿ ನಿಂತವು. ವರ್ತಕನು ಬೇಡ ಎನ್ನಲು ಬಾಯಿ ತೆರೆದನು. ಸ್ವರ ಬರಲಿಲ್ಲ. ಒಂದು ಗಳಿಗೆ ಕಾದು, ಆಕ್ಷೇಪಣೆ ಇಲ್ಲವೆಂದು ತಿಳಿದು, ಅವರು ಮತ್ತೆ ಬಡಿಯತೊಡಗಿದರು.

ವರ್ತಕನ ಗಂಟಲು ಸರಿಹೋಗಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನ ಹುಂಜ ಕೂಗಿತು, ಬೇಲಿಯ ಜಗಳ ಬೇಲಿಯ ಬಳಿಯೇ ನಡೆಯಿತು, ಕಡವಿನಲ್ಲಿ ಹನ್ನೆರಡು ಬಗೆಯ ಹ್ವಾಯ್ ಕೇಳಿಸಿತು. ಯಾರಿಗೂ ಏನೂ ಹೇಳಲಾಗದೆ, ಕೂಗಿ ದೋಣಿ ಕರೆಯಲೂ ಆಗದೆ, ಬೇರೆ ಕೆಲಸವೂ ಇಲ್ಲದೆ, ವರ್ತಕನು ನಿದ್ದೆ ಮಾಡಿದನು. ಅವನ ಕೈ ನಡುಗುವುದು ನಿಂತಿತು. ಸ್ವರ ಬರುವ ಹೊತ್ತಿಗೆ ಏನು ಹೇಳಬೇಕೆಂದಿದ್ದನೋ ಅದು ಮರೆತುಹೋಗಿತ್ತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನು ಬಹಳ ಸಂತೋಷಪಟ್ಟನು.

“ಅರ್ಥವಾಯಿತು ಸ್ವಾಮಿ. ಊರಿಗೆಲ್ಲ ಮೌನ ಹೇರುವುದು ತಪ್ಪು, ಒಬ್ಬನಿಗೆ ಹೇಳಿದರೆ ಸಾಕು. ಯಾರಿಗೆ ಹೇಳಲಿ? ಅಡುಗೆಯವನಿಗೋ, ಆ ಕೆಮ್ಮುವವನಿಗೋ?”

ಗುರುಗಳು ಹೇಳಿದರು: “ಈಗ ಮಾತಾಡುತ್ತಿರುವವನಿಗೆ.”