ಗಿಜುಗ ಅರ್ಧ ನೇಯ್ದು ಬಿಟ್ಟ ಗೂಡುಗಳು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಬೆಟ್ಟಗಳ ಮೈ ಆರಿರಲಿಲ್ಲ. ಹೊಳೆಗಳು ಆಗಷ್ಟೇ ತಮ್ಮ ದಾರಿ ಹಿಡಿದಿದ್ದವು. ಹಕ್ಕಿ ಹೊಳೆಯ ಜೊತೆ, ಹೊಳೆ ಗಾಳಿಯ ಜೊತೆ ಮಾತಾಡುತ್ತಿದ್ದವು.

ಆಗ ಹಕ್ಕಿಗಳಿಗೆ ಗೂಡು ಕಟ್ಟುವುದು ಗೊತ್ತಿತ್ತು, ನೇಯುವುದು ಗೊತ್ತಿರಲಿಲ್ಲ. ಕಾಗೆ ಕಡ್ಡಿ ಒಟ್ಟುತ್ತಿತ್ತು. ಮರಕುಟಿಗ ಪೊಟರೆ ಕೊರೆಯುತ್ತಿತ್ತು. ನೇಯುವುದನ್ನು ಮೊದಲು ಕಂಡುಕೊಂಡವನು ಕೆಂಚ ಎಂಬ ಗಿಜುಗ. ಗುಬ್ಬಿಯಷ್ಟೇ ಗಾತ್ರ, ನೆತ್ತಿಯ ಮೇಲೆ ಅರಿಸಿನದ ಬಣ್ಣ. ಹುಲ್ಲಿನ ಗರಿಯನ್ನು ಅಂಚಿನಲ್ಲಿ ಕಚ್ಚಿ ಉದ್ದಕ್ಕೆ ಸೀಳುತ್ತಿದ್ದ. ಒಂದು ಎಳೆಯ ಕೆಳಗೆ ಇನ್ನೊಂದು ಎಳೆ ತೂರಿಸಿ ಗಂಟು ಹಾಕುತ್ತಿದ್ದ. ಅವನು ಹಾಕಿದ ಗಂಟನ್ನು ಮಂಗನಿಗೂ ಬಿಚ್ಚಲು ಆಗುತ್ತಿರಲಿಲ್ಲ.

ಮುಂಗಾರಿಗೆ ಮುಂಚಿನ ಮೊದಲ ಹನಿಗೆ ಹುಲ್ಲು ಚಿಗುರಿತು. ಹೊಳೆಯ ಮೇಲೆ ಬಾಗಿದ್ದ ಈಚಲು ಮರದಲ್ಲಿ ಕೆಂಚ ಗೂಡು ಹೂಡಿದ. ಅವನ ಜೊತೆಗಾತಿ ಸುವ್ವಿ ಮೊಟ್ಟೆ ಇಡುವ ದಿನ ಹತ್ತಿರ ಬಂದಿತ್ತು. ಲೋಕದಲ್ಲಿ ಯಾರೂ ಕಾಣದಂಥ ಗೂಡು ಅವಳಿಗೆ ಕೊಡಬೇಕು ಎಂದು ಅವನ ಆಸೆ.

ಮೊದಲ ಗೂಡು ಅರ್ಧವಾಗುವಷ್ಟರಲ್ಲಿ ಇನ್ನೂ ಎತ್ತರದ ಈಚಲು ಗರಿಯೊಂದು ಕಂಡಿತು. ಅಲ್ಲಿ ಇನ್ನೊಂದು ಹೂಡಿದ. ಅದು ಅರ್ಧವಾಗುವಷ್ಟರಲ್ಲಿ ಹೊಳೆಯಾಚೆ ಇನ್ನೂ ನಯವಾದ ಹುಲ್ಲು ಕಂಡಿತು. ಅದನ್ನು ತಂದು ಮತ್ತೊಂದು ಹೂಡಿದ.

ಹೊತ್ತು ಸಾಲದು ಅನ್ನಿಸಿತು. ಬೆಳಗಿನ ಹಾಡು ಬಿಟ್ಟ. ಮಧ್ಯಾಹ್ನದ ನೀರಾಟ ಬಿಟ್ಟ. ಕಾಳು ತಿನ್ನುವುದನ್ನೂ ಹಾರುತ್ತಲೇ ಮುಗಿಸಿದ. ಅವನ ಕೊಕ್ಕು ಚುರುಕಾಯಿತು ನಿಜ. ಆದರೆ ಕೊಕ್ಕು ಚುರುಕಾದಷ್ಟೂ ಹೊಸ ಗೂಡು ಹೂಡುವ ಆಸೆಯೂ ಚುರುಕಾಯಿತು.

ಹೀಗೆ ಏಳು ಗೂಡುಗಳಾದವು. ಏಳೂ ಚೆಂದ, ಏಳೂ ಅರ್ಧ. ಬೋರಲು ಹಾಕಿದ ಬುಟ್ಟಿಗಳ ಹಾಗೆ ಮರದ ತುಂಬ ತೂಗುತ್ತಿದ್ದವು. ಯಾವುದರಲ್ಲಿ ಇರಲಿ ಎಂದು ಸುವ್ವಿ ದಿನವೂ ಕೇಳುತ್ತಿದ್ದಳು. ನಾಳೆ ಎಲ್ಲವೂ ಮುಗಿಯುತ್ತವೆ ಎಂದು ಕೆಂಚ ದಿನವೂ ಹೇಳುತ್ತಿದ್ದ.

ಒಂದು ಬೆಳಿಗ್ಗೆ ದೂರದಲ್ಲಿ ಗುಡುಗು ಕೇಳಿತು. ಮಳೆ ಬಂದೇಬಿಟ್ಟಿತು ಎಂದು ಕೆಂಚ ಹೆದರಿದ. ಕೆಳಗಿಳಿದು ಹೊಳೆಯ ಹತ್ತಿರ ಹೋದ. "ತಾಯಿ, ಸ್ವಲ್ಪ ನಿಂತು ಹರಿ. ನೀನು ನಿಂತರೆ ಹೊತ್ತೂ ನಿಂತೀತು" ಎಂದು ಬೇಡಿದ.

ಹೊಳೆ ನಕ್ಕಿತು. ತಾನು ನಿಂತರೆ ತನ್ನನ್ನು ಯಾರೂ ಹೊಳೆ ಅನ್ನುವುದಿಲ್ಲ ಎಂದು ಹೇಳಿ ಹರಿದುಹೋಯಿತು.

ಆಮೇಲೆ ಬೆಟ್ಟದ ತುದಿಗೆ ಹಾರಿದ. ಅಲ್ಲಿ ಮುಂಗಾರು ಗಾಳಿ ಬೆನ್ನ ತುಂಬ ಮೋಡ ಹೊತ್ತು ಬರುತ್ತಿತ್ತು. ಇನ್ನು ಹದಿನೈದು ದಿನ ತಡೆದು ಬಾ ಎಂದು ಕೆಂಚ ಕೈಮುಗಿಯುವಂತೆ ರೆಕ್ಕೆ ಜೋಡಿಸಿದ.

ಗಾಳಿ ಅವನನ್ನು ಮೆಲ್ಲಗೆ ತಾಗಿತು. "ಮಣ್ಣೊಳಗೆ ಕಪ್ಪೆ ಕಾಯುತ್ತಿದೆ, ಬೀಜ ಕಾಯುತ್ತಿದೆ. ನಿನಗೊಬ್ಬನಿಗೆ ಅಂತ ನಾನು ನಿಲ್ಲಲಾರೆ ಮಗಾ. ನಾನು ಬೆಟ್ಟ ಇಳಿಯುವುದಕ್ಕೆ ಮೂರು ದಿನ ಬೇಕು. ಆ ಮೂರು ದಿನ ನಿನ್ನವು. ಅಷ್ಟೇ ಇರುವುದು."

ಕೆಂಚ ತಲೆ ತಗ್ಗಿಸಿ ಮರಕ್ಕೆ ಬಂದ. ಮೂರು ದಿನದಲ್ಲಿ ಏಳು ಗೂಡು ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗಾಳಿ ಹೇಳಿದ್ದನ್ನು ಸುವ್ವಿಗೆ ತಿಳಿಸಿದ.

ಸುವ್ವಿ ಹತ್ತಿರ ಬಂದು ಕೂತಳು. "ಏಳು ಗೂಡಿನಲ್ಲಿ ನಾನೊಬ್ಬಳೇ ಹೇಗೆ ಇರಲಿ ಕೆಂಚಾ? ನನಗೆ ಒಂದು ಸಾಕು. ಆದರೆ ಆ ಒಂದಕ್ಕೆ ತಳ ಇರಬೇಕು."

ಕೆಂಚ ಒಂದೊಂದೇ ಗೂಡಿನ ಮೇಲೆ ಕೂತು ಎದ್ದ. ಎತ್ತರದಲ್ಲಿದ್ದ ನಯವಾದ ಗೂಡನ್ನು ಬಿಟ್ಟು ಬರುವಾಗ ಮತ್ತೆ ಮತ್ತೆ ತಿರುಗಿ ನೋಡಿದ. ಅಂಥ ಗೂಡನ್ನು ಅವನು ಮತ್ತೆಂದೂ ಹೂಡಲಾರನೋ ಏನೋ. ಆದರೂ ಬಿಟ್ಟ. ಸುವ್ವಿ ಆಗಾಗ ಕೂತು ಜೋಕಾಲಿಯಾಡುತ್ತಿದ್ದ ಐದನೆಯ ಗೂಡನ್ನು ಆರಿಸಿಕೊಂಡ.

ಮೊದಲ ದಿನ ತಳ ನೇಯ್ದ. ಎರಡನೆಯ ದಿನ ಮೊಟ್ಟೆಯ ಗುಳಿ ಮಾಡಿ, ಒಳಗೋಡೆಗೆ ಹಸಿ ಮಣ್ಣು ಮೆತ್ತಿದ. ಮಧ್ಯಾಹ್ನ ಹೊಳೆಗಿಳಿದು ಮಿಂದ, ಹೊಟ್ಟೆ ತುಂಬ ಕಾಳು ತಿಂದ, ಮತ್ತೆ ನೇಯ್ದ. ಮೂರನೆಯ ದಿನ ಹೊತ್ತು ಇಳಿಯುವಷ್ಟರಲ್ಲಿ ನೀರಿನ ಕಡೆಗೆ ಇಳಿಬಿದ್ದ ಉದ್ದನೆಯ ಬಾಗಿಲ ಕೊಳವೆಯೂ ಮುಗಿಯಿತು. ಸುವ್ವಿ ಒಳಗೆ ಹೋಗಿ ತಿರುಗಿ ನೋಡಿದಳು. ಹೊರಗೆ ಬರಲೇ ಇಲ್ಲ. ಅದೇ ಅವಳು ಕೊಟ್ಟ ಒಪ್ಪಿಗೆ.

ಮರುದಿನ ಗಾಳಿ ಬೆಟ್ಟ ಇಳಿಯಿತು. ಮಳೆ ಎಂಟು ದಿನ ಬಿಡದೆ ಸುರಿಯಿತು. ಈಚಲು ಮರ ನೀರು ಮುಟ್ಟುವಷ್ಟು ಬಾಗಿತು. ಐದನೆಯ ಗೂಡು ಅತ್ತಿತ್ತ ಓಲಾಡಿತು, ಒಂದು ಎಳೆಯೂ ಕಿತ್ತುಬರಲಿಲ್ಲ. ಒಳಗೆ ಸುವ್ವಿ ಬೆಚ್ಚಗೆ ಮೊಟ್ಟೆಗಳ ಮೇಲೆ ಕೂತಿದ್ದಳು. ಹದಿನೈದು ದಿನ ಕಳೆಯುವಷ್ಟರಲ್ಲಿ ಮೂರು ಮರಿಗಳ ದನಿ ಕೇಳಿತು.

ಮಳೆ ಬಿಟ್ಟ ಮೇಲೆ ಊರೂರು ಸುತ್ತುವ ಕಾಗೆ ಬಂದು ಆ ಮರದಲ್ಲಿ ಕೂತಿತು. ಒಂದು ಗೂಡು ಪೂರ್ತಿ, ಆರು ಗೂಡು ಅರ್ಧ. ನೋಡಿದವರು ಏನಂದಾರು, ಅವನ್ನು ಕಿತ್ತು ಹೊಳೆಗೆ ಎಸೆಯಬಾರದೇ ಎಂದು ಕೇಳಿತು.

ಕೆಂಚ ನೆತ್ತಿಯ ಅರಿಸಿನ ಬಣ್ಣ ಹೊಳೆಯುವಂತೆ ತಲೆಯೆತ್ತಿದ.

"ಯಾಕೆ ಕೀಳಲಿ? ಆರೂ ನಾನೇ ನೇಯ್ದವು, ಒಂದು ಗಂಟೂ ಸಡಿಲವಿಲ್ಲ. ನನಗಿದ್ದ ಹೊತ್ತಿನಲ್ಲಿ ನನ್ನವರಿಗೆ ಒಂದು ಮನೆ ಮುಗಿಸಿದ್ದೇನೆ. ಇವು ಇಲ್ಲೇ ಇರಲಿ, ನೋಡುವವರು ನೋಡಲಿ."

ಕಾಗೆ ಒಂದು ಅರೆಗೂಡನ್ನು ಕೊಕ್ಕಿನಿಂದ ಎಳೆದು ನೋಡಿತು. ಬರಲಿಲ್ಲ. ಅದನ್ನು ಹಾಗೇ ಬಿಟ್ಟು ಹಾರಿಹೋಯಿತು.

ಕೆಂಚ ಗರಿಯ ತುದಿಯಲ್ಲಿ ಕೂತು, ಬಿಟ್ಟಿದ್ದ ಬೆಳಗಿನ ಹಾಡನ್ನು ಜೋರಾಗಿ ಹಾಡಿದ. ಮರಿಗಳು ಅದನ್ನು ಕೇಳಿ ಕಲಿತವು. ನೇಯುವುದನ್ನೂ ಕಲಿತವು, ಬಿಡುವುದನ್ನೂ ಕಲಿತವು.

ಅದಕ್ಕೇ ಮಗು, ಇಂದಿಗೂ ನೀರಿನ ಮೇಲೆ ಬಾಗಿದ ಮರದಲ್ಲಿ ಉದ್ದ ಕೊಳವೆಯ ಗೂಡಿನ ಪಕ್ಕದಲ್ಲೇ ತಳವಿಲ್ಲದ ಅರೆಗೂಡುಗಳು ತೂಗುತ್ತವೆ, ಗಂಡು ಗಿಜುಗ ಅವುಗಳ ನಡುವೆ ತಲೆಯೆತ್ತಿ ಕೂತು ಹಾಡುತ್ತಿರುತ್ತದೆ.