ಬಾಗಿಲಲ್ಲಿ ನೀರು ಕೊಡುವವನು

“ಗುರುಗಳೇ, ದೀಕ್ಷಾಸ್ನಾನವಾಗದೆ ಸತ್ತವನಿಗೆ ರಕ್ಷಣೆ ಉಂಟೇ?”

ಕೇಳಿದವನು ಜೀವರತ್ನ, ಹಳ್ಳಿಯ ಕ್ರೈಸ್ತ ಸಭೆಯೊಂದಕ್ಕೆ ಹೊಸದಾಗಿ ಬಂದ ಪಾದ್ರಿ. ದ್ಯಾಮಪ್ಪನೆಂಬ ಮುದುಕ ತನಗೆ ದೀಕ್ಷಾಸ್ನಾನ ಕೊಡಿರೆಂದು ಅವನನ್ನು ಕೇಳುತ್ತಲೇ ಇದ್ದ. ವಿಶ್ವಾಸ ಪ್ರಮಾಣ ಬಾಯಿಪಾಠವಾಗಲಿ, ಆಮೇಲೆ ನೋಡೋಣ ಎಂದು ಇವನು ಮುಂದೂಡುತ್ತಲೇ ಇದ್ದ. ಮೊನ್ನೆ ಮುದುಕ ತೀರಿಕೊಂಡ. ಅಂದಿನಿಂದ ಇವನಿಗೆ ಅನ್ನ ಸೇರುತ್ತಿಲ್ಲ. ನನ್ನಿಂದಾಗಿ ಅವನು ದೇವರಿಗೆ ಎರವಾದನೇ ಎಂಬ ಭಯ. ತನಗೆ ಪಾಠ ಹೇಳಿದ ವೃದ್ಧ ಗುರುಗಳ ಬಳಿಗೆ ಓಡಿ ಬಂದಿದ್ದ.

“ಮೊದಲು ಕೂತುಕೋ ತಮ್ಮಾ,” ಎಂದು ಗುರುಗಳು ಕತೆ ಹೇಳಿದರು.

ಒಬ್ಬ ಸಾಹುಕಾರ ಮಗನ ಮದುವೆಗೆ ಸುತ್ತಲ ಊರವರನ್ನೆಲ್ಲ ಕರೆದ. ಬಂದವರು ಕಾಲು ತೊಳೆದು ಒಳಗೆ ಬರಬೇಕು. ಅದು ಆ ಮನೆಯ ಕಟ್ಟಳೆ. ಬಾಗಿಲಲ್ಲಿ ಹಂಡೆ ತುಂಬಿಸಿಟ್ಟು, ನೀರು ಕೊಡಲು ಒಬ್ಬ ಆಳನ್ನು ನಿಲ್ಲಿಸಿದ. ಕೊಡುವುದಷ್ಟೇ ಅವನ ಕೆಲಸ. ಆದರೆ ಕೈಗೆ ಚೆಂಬು ಬಂತು ನೋಡು, ತಾನೇ ಯಜಮಾನನಾಗಿಬಿಟ್ಟ! ಸಾಹುಕಾರರ ತಂದೆ ಯಾರು, ತಾತ ಯಾರು ಎಂದು ಬಂದವರನ್ನೆಲ್ಲ ಪರೀಕ್ಷೆ ಮಾಡತೊಡಗಿದ. ಸರಿಯಾಗಿ ಹೇಳಿದವರಿಗೆ ನೀರು.

ಬಿಸಿಲಲ್ಲಿ ನಡೆದು ಒಬ್ಬ ಮುದುಕ ಬಂದ. ತಂದೆಯ ಹೆಸರು ಹೇಳಿದ, ತಾತನ ಹೆಸರಿಗೆ ತಡವರಿಸಿದ. “ಅದೆಲ್ಲ ನನಗೆ ತಿಳಿಯದಪ್ಪಾ. ಬಾ ಅಂದರು, ಬಂದೆ,” ಎಂದ.

“ನೆನಪಾದ ಮೇಲೆ ಹೇಳು,” ಎಂದು ಆಳು ಅವನನ್ನು ಜಗಲಿಯ ಮೇಲೆ ಕೂರಿಸಿದ. ಮುದುಕ ತುಟಿ ಅಲ್ಲಾಡಿಸುತ್ತ ಹೆಸರು ನೆನೆಸಿಕೊಳ್ಳುತ್ತ ಕೂತ. ಬಿಸಿಲು ಏರಿತು. ಕೂತಲ್ಲೇ ಕುಸಿದು ಬಿದ್ದ.

ಆಳು ಹತ್ತಿರ ಓಡಿ ಬಂದ. ಕಾಲು ತೊಳೆಯದವನನ್ನು ಒಳಗೆ ಬಿಡುವಂತಿಲ್ಲ. ಧಣಿ ಕರೆದವನನ್ನು ಹೊರಗೆ ಸಾಯಲು ಬಿಡುವಂತೆಯೂ ಇಲ್ಲ. ಚೆಂಬು ಅವನ ಕೈಯಲ್ಲೇ ಇತ್ತು, ಗಾಬರಿಯಲ್ಲಿ ಅದೂ ನೆನಪಾಗಲಿಲ್ಲ. ಅಷ್ಟರಲ್ಲಿ ಸಾಹುಕಾರನೇ ಹೊರಗೆ ಬಂದ. ಧೂಳುಗಾಲಿನ ಮುದುಕನನ್ನು ಎತ್ತಿಕೊಂಡು ಒಳಗೆ ಹೋದ. ನೀರು ಕುಡಿಸಿ, ತನ್ನ ಪಕ್ಕದಲ್ಲೇ ಎಲೆ ಹಾಕಿಸಿದ.

ಆಳಿಗೆ ಹೋದ ಜೀವ ಬಂತು. “ಹಾಗಾದರೆ ಧಣೀ, ಕಾಲು ತೊಳೆಯದಿದ್ದರೂ ನಡೆಯುತ್ತದೆಯೇ?”

“ನಡೆಯುವುದಾದರೆ ನಿನ್ನನ್ನು ಇಲ್ಲಿ ಯಾಕೋ ನಿಲ್ಲಿಸುತ್ತಿದ್ದೆ, ಮೂರ್ಖಾ!” ಎಂದ ಸಾಹುಕಾರ. “ಕಟ್ಟಳೆ ನಿನಗೆ. ಮನೆ ನನ್ನದು.”

ಕತೆ ಮುಗಿಯಿತು. ಜೀವರತ್ನ ಕಣ್ಣು ಒರೆಸಿಕೊಂಡ. “ಅಂದರೆ ದ್ಯಾಮಪ್ಪ ಒಳಗಿದ್ದಾನೆ. ಮನಸ್ಸು ಹಗುರವಾಯಿತು, ಗುರುಗಳೇ.”

“ಅವನ ಜೊತೆ ಪಾಠಕ್ಕೆ ಇನ್ನು ಯಾರು ಬರುತ್ತಿದ್ದರು?”

“ಅವನ ಹೆಂಡತಿ ಗಿರಿಜವ್ವ. ಅವಳಿಗೂ ಇನ್ನೂ ಬಾಯಿಪಾಠವಾಗಿಲ್ಲ.”

ಗುರುಗಳು ಎದ್ದು ಬಾಗಿಲು ತೋರಿಸಿದರು.

“ಬದುಕಿರುವ ಆ ತಾಯಿಯನ್ನು ಕಾಯಿಸಿಟ್ಟು, ಸತ್ತವನ ಚಿಂತೆ ಮಾಡಲು ಇಲ್ಲಿಗೆ ಬಂದೆಯಾ?”