ಪೀಚುವಿನ ಗೆಜ್ಜೆ, ನೀಲಿ ಮುಚ್ಚಳದ ಡಬ್ಬಿ

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಮಕ್ಕಳೇ. ಸುಳ್ಳಿದ್ದರೆ ಊರಿಗೇ ಹೆಸರಾದ ಈ ನನ್ನ ಮೀಸೆ ಉದುರಿ ಮಜ್ಜಿಗೆ ಲೋಟಕ್ಕೆ ಬೀಳಲಿ. ಬಿತ್ತೇ? ನೋಡಿ, ಬೀಳಲಿಲ್ಲ. ಅಂದಮೇಲೆ ಎಲ್ಲ ನಿಜ.

ಒಂದು ಬಂಡೆಗುಡ್ಡ. ಗುಡ್ಡದ ಕೆಳಗೆ ಉದ್ದುದ್ದ ಹುಲ್ಲು. ಹುಲ್ಲಿನಲ್ಲಿ ಒಂದು ಗೌಜಲಹಕ್ಕಿ. ಹೆಸರು ಗೌಜಿ. ಹಾರು ಅಂದರೆ ಓಡುತ್ತಾಳೆ. ಓಡು ಅಂದರೂ ಓಡುತ್ತಾಳೆ. ಗಾಬರಿಯಾದರೆ ಪುಕ್ಕವೆಲ್ಲ ನೆಟ್ಟಗೆ ನಿಲ್ಲುತ್ತದೆ. ಆಗ ಅವಳು ಹಕ್ಕಿಯಲ್ಲ, ಪೊರಕೆ.

ಗೌಜಿಗೆ ಒಬ್ಬನೇ ಮರಿ. ಹೆಸರು ಪೀಚು. ಪೀಚುವಿನ ಬಣ್ಣ ಒಣಹುಲ್ಲಿನ ಬಣ್ಣ. ಹುಲ್ಲಿಗೆ ಇಳಿದರೆ ಹುಲ್ಲು ಯಾವುದೋ, ಪೀಚು ಯಾವುದೋ! ಅದಕ್ಕೇ ಅವನ ಕೊರಳಲ್ಲಿ ಒಂದು ಗೆಜ್ಜೆ. ಕುರಿ ಕಾಯುವ ನಾಯಿಯ ಕೊರಳಿಂದ ಉದುರಿದ ಗೆಜ್ಜೆ. ಗಿಲ್ ಗಿಲ್ ಅಂದರೆ ಅಮ್ಮನಿಗೆ ಮರಿ ಸಿಕ್ಕಿತು. ಗಿಲ್ ಗಿಲ್ ಅಂದರೆ ಕಾಡುಬೆಕ್ಕು, "ಅಯ್ಯೋ, ನಾಯಿ ಬಂತು!" ಅಂತ ಬಾಲ ಎತ್ತಿ ಓಟ.

ಒಂದು ಮಧ್ಯಾಹ್ನ ಪೀಚು ಕುಣಿಯುತ್ತಾ ಬಂದ. ಗಿಲ್ ಇಲ್ಲ. ಗಿಲ್ ಗಿಲ್ಲೂ ಇಲ್ಲ.

"ಲೋ ಪೀಚೂ, ಗೆಜ್ಜೆ ಎಲ್ಲೋ?"

"ಡಬ್ಬಿಯಲ್ಲಿಟ್ಟೆ ಅಮ್ಮಾ. ನೀಲಿ ಮುಚ್ಚಳದ ಡಬ್ಬಿಯಲ್ಲಿ."

"ಯಾಕೋ ಇಟ್ಟೆ?"

"ಕಡಲೆಬೀಜ ತಗೊಂಡೆ. ಒಂದು ತಗೊಂಡರೆ ಒಂದು ಇಡಬೇಕಲ್ವಾ?"

"ಕೊಡು ಆ ಕಡಲೆಬೀಜ. ವಾಪಸ್ ಇಟ್ಟು ಬರೋಣ."

"ತಿಂದೆ."

ಗೌಜಿಗೆ ಗಾಬರಿ! ಪುಕ್ಕವೆಲ್ಲ ನೆಟ್ಟಗೆ! ಪೊರಕೆಯೋ ಪೊರಕೆ!

ಗಾಬರಿ ಆಗದೆ ಇರುತ್ತದೆಯೇ? ಸಂಜೆ ಹೊತ್ತು ಮುಳುಗುವುದರೊಳಗೆ ಹುಲ್ಲು ದಾಟಿ ಗೂಡಿಗೆ ಹೋಗಬೇಕು. ಹುಲ್ಲಿನಲ್ಲಿ ಕಾಡುಬೆಕ್ಕು. ಪೀಚುವಿನ ಕೊರಳು ಖಾಲಿ.

ಪೀಚುವನ್ನು ಕರೆದುಕೊಂಡು ಗೌಜಿ ಓಡಿದಳು. ಎಲ್ಲಿಗೆ? ನೀಲಿ ಮುಚ್ಚಳದ ಡಬ್ಬಿಯ ಹತ್ತಿರ.

ಆ ಡಬ್ಬಿ ಸುಮ್ಮನೆ ಡಬ್ಬಿಯಲ್ಲ. ಗುಡ್ಡದ ಬಂಡೆಯ ಸಂದಿಯಲ್ಲಿ ಅಡಗಿದೆ. ಹುಡುಕಿದವರಿಗೆ ಸಿಗುತ್ತದೆ. ಒಳಗೆ ಗೋಲಿ, ಬಳೆಚೂರು, ನವಿಲುಗರಿ, ಕೆಂಪು ಗುಂಡಿ. ಬೇಕಾದ್ದು ಒಂದು ತಗೋಬಹುದು. ಬದಲಿಗೆ ಒಂದು ಇಡಬೇಕು. ಕಾವಲಿಗೆ ಆಮೆಯಜ್ಜ. ಗೌಜಿ ಆ ಗೆಜ್ಜೆ ತಂದದ್ದೂ ಇದೇ ಡಬ್ಬಿಯಿಂದ. ಬದಲಿಗೆ ಏನಿಟ್ಟಿದ್ದಳು? ಅವಳಿಗೇ ಮರೆತುಹೋಗಿದೆ. ನಾನೂ ಈಗಲೇ ಹೇಳುವುದಿಲ್ಲ.

"ಆಮೆಯಜ್ಜಾ, ಆಮೆಯಜ್ಜಾ, ಗೆಜ್ಜೆ ಕೊಡು. ಗೆಜ್ಜೆ ಸಿಕ್ಕರೆ ಪೀಚು ಉಳಿಯುತ್ತಾನೆ. ಹೊತ್ತು ಮುಳುಗುತ್ತಿದೆ!"

"ಏನಿಡುತ್ತೀ?" ಅಂದ ಆಮೆಯಜ್ಜ.

ಗೌಜಿ ಒಂದು ಒಣ ಎಲೆ ತಂದಳು.

"ಥೂ!" ಅಂದ ಅಜ್ಜ. ಕತ್ತು ಒಳಗೆ ಹೋಯಿತು.

ಗೌಜಿ ಒಂದು ಮುರಿದ ಕಡ್ಡಿ ತಂದಳು.

"ಥೂ! ಥೂ!" ಕತ್ತು ಇನ್ನೂ ಒಳಗೆ ಹೋಯಿತು.

ಗೌಜಿ ಒಡೆದ ಬಸವನಹುಳುವಿನ ಚಿಪ್ಪು ತಂದಳು.

ಅಜ್ಜನ ಚಿಪ್ಪಿನೊಳಗಿಂದ ಬರೀ ಮಾತು ಬಂತು. "ಅಲ್ಲಮ್ಮಾ, ಇದೇನು ಕಸದ ಬುಟ್ಟಿಯಾ? ಡಬ್ಬಿ ತೆಗೆದವರು ಹಾ! ಅನ್ನಬೇಕು. ಥೂ! ಅನ್ನಬಾರದು. ಹಾ! ಅನ್ನುವಂಥದ್ದು ತಾ. ಗೆಜ್ಜೆ ತಗೊಂಡು ಹೋಗು."

"ಅಲ್ಲಿಯವರೆಗೂ ಈ ಮರಿ?"

"ನನ್ನ ಬೆನ್ನ ಮೇಲೆ ಕೂತಿರಲಿ. ಕೆಳಗೆ ಇಳಿಯಬಾರದು. ಜಾರಬಂಡೆ ಆಡಬಾರದು."

ಪೀಚು ಆಗಲೇ ಜಾರುತ್ತಿದ್ದ.

ಹಾ! ಅನ್ನುವಂಥದ್ದು ಏನಿದೆ? ಗೌಜಿ ಯೋಚಿಸಿದಳು. ಗೀಜಗ ಹೆಣೆಯುವ ಪುಟಾಣಿ ಚೀಲ! ನೋಡಿದವರೆಲ್ಲ ಹಾ! ಅನ್ನುತ್ತಾರೆ. ಓಡಿದಳು.

"ಗೀಜಗಣ್ಣಾ, ಗೀಜಗಣ್ಣಾ, ಚೀಲ ಹೆಣೆದು ಕೊಡು. ಚೀಲ ಇಟ್ಟರೆ ಆಮೆಯಜ್ಜ ಗೆಜ್ಜೆ ಕೊಡುತ್ತಾನೆ. ಗೆಜ್ಜೆ ಸಿಕ್ಕರೆ ಪೀಚು ಉಳಿಯುತ್ತಾನೆ. ಹೊತ್ತು ಮುಳುಗುತ್ತಿದೆ!"

ಗೀಜಗ ತಲೆಕೆಳಗಾಗಿ ನೇತಾಡುತ್ತಾ ಗೂಡು ಹೆಣೆಯುತ್ತಿದ್ದ. ಕೇಳಿದ್ದೇ ತಡ, ಇನ್ನೇನು ಬೀಳಬೇಕು!

"ಏನು! ಬರೀ ಹುಲ್ಲಿನ ಚೀಲವಾ? ಕೈ ಹಾಕಿದವರಿಗೆ ಚುಚ್ಚಲ್ವಾ? ಒಳಗೆ ಮೆತ್ತಗೆ ಉಣ್ಣೆ ಹಾಸಬೇಕು. ನನ್ನ ಹೆಸರು ಕೆಡಿಸಬೇಡ ತಾಯಿ. ಉಣ್ಣೆ ತಾ."

ಗೌಜಿಗೆ ಗಾಬರಿ! ಪುಕ್ಕವೆಲ್ಲ ನೆಟ್ಟಗೆ! ಪೊರಕೆಯೋ ಪೊರಕೆ! ಓಡಿದಳು ಕುರಿಯ ಹತ್ತಿರ.

"ಕುರಿಯಕ್ಕಾ, ಕುರಿಯಕ್ಕಾ, ಉಣ್ಣೆ ಕೊಡು. ಉಣ್ಣೆ ಕೊಟ್ಟರೆ ಗೀಜಗಣ್ಣ ಚೀಲ ಹೆಣೆಯುತ್ತಾನೆ. ಚೀಲ ಇಟ್ಟರೆ ಆಮೆಯಜ್ಜ ಗೆಜ್ಜೆ ಕೊಡುತ್ತಾನೆ. ಗೆಜ್ಜೆ ಸಿಕ್ಕರೆ ಪೀಚು ಉಳಿಯುತ್ತಾನೆ. ಹೊತ್ತು ಮುಳುಗುತ್ತಿದೆ!"

ಕುರಿ ತಲೆ ಕೊಡವಿತು. ಕಿವಿ ಪಟಪಟ ಅಂತು.

"ಏನು! ಏನಂದೆ? ಜೋರಾಗಿ ಹೇಳೇ!"

ಗೌಜಿ ಎಲ್ಲವನ್ನೂ ಮತ್ತೆ ಹೇಳಿದಳು. ಜೋರಾಗಿ ಹೇಳಿದಳು. ಗುಡ್ಡವೇ ತಿರುಗಿ ಹೇಳಿತು.

"ಅಯ್ಯೋ, ಕಿರುಚಬೇಡವೇ! ಕಿವಿಯೊಳಗೆ ಹುಳ ಕೂತಿದೆ. ಗೊರವಂಕ ಬಂದು ಹುಳ ತೆಗೆಯಲಿ. ಆಮೇಲೆ ಎಷ್ಟು ಬೇಕೋ ಅಷ್ಟು ಉಣ್ಣೆ ಕಿತ್ತುಕೋ."

ಗೌಜಿಗೆ ಗಾಬರಿ! ಪುಕ್ಕವೆಲ್ಲ ನೆಟ್ಟಗೆ! ಪೊರಕೆಯೋ ಪೊರಕೆ! ಓಡಿದಳು ಗೊರವಂಕದ ಹತ್ತಿರ. ಹಳದಿ ಕೊಕ್ಕು, ಹಳದಿ ಕಾಲು, ಕಣ್ಣ ಸುತ್ತ ಹಳದಿ ಕಾಡಿಗೆ.

"ಗೊರವಂಕತ್ತೇ, ಗೊರವಂಕತ್ತೇ, ಹುಳ ತೆಗಿ. ಹುಳ ತೆಗೆದರೆ ಕುರಿಯಕ್ಕ ಉಣ್ಣೆ ಕೊಡುತ್ತಾಳೆ. ಉಣ್ಣೆ ಕೊಟ್ಟರೆ ಗೀಜಗಣ್ಣ ಚೀಲ ಹೆಣೆಯುತ್ತಾನೆ. ಚೀಲ ಇಟ್ಟರೆ ಆಮೆಯಜ್ಜ ಗೆಜ್ಜೆ ಕೊಡುತ್ತಾನೆ. ಗೆಜ್ಜೆ ಸಿಕ್ಕರೆ ಪೀಚು ಉಳಿಯುತ್ತಾನೆ. ಹೊತ್ತು ಮುಳುಗುತ್ತಿದೆ!"

"ಏನು! ಹುಳಾನಾ? ಮತ್ತೆ ಹುಳಾನಾ?" ಗೊರವಂಕತ್ತೆ ಮೂಗು ಮುರಿದಳು. "ಬೆಳಗ್ಗೆ ಹುಳ, ಮಧ್ಯಾಹ್ನ ಹುಳ. ಬಾಯಿ ಕೆಟ್ಟು ಕೂತಿದೀನಿ. ಒಂದು ಕಾರೆಹಣ್ಣು ತಾ. ಬಾಯಿ ಸಿಹಿ ಮಾಡು. ಆಮೇಲೆ ಬರ್ತೀನಿ."

ಗೌಜಿಗೆ ಗಾಬರಿ! ಪುಕ್ಕವೆಲ್ಲ ನೆಟ್ಟಗೆ! ಪೊರಕೆಯೋ ಪೊರಕೆ! ಓಡಿದಳು ಮುಳ್ಳಿನ ಕಾರೆಗಿಡದ ಹತ್ತಿರ.

"ಕಾರೆಗಿಡವೇ, ಕಾರೆಗಿಡವೇ, ಹಣ್ಣು ಕೊಡು. ಹಣ್ಣು ಕೊಟ್ಟರೆ ಗೊರವಂಕತ್ತೆ ಹುಳ ತೆಗೆಯುತ್ತಾಳೆ. ಹುಳ ತೆಗೆದರೆ ಕುರಿಯಕ್ಕ ಉಣ್ಣೆ ಕೊಡುತ್ತಾಳೆ. ಉಣ್ಣೆ ಕೊಟ್ಟರೆ ಗೀಜಗಣ್ಣ ಚೀಲ ಹೆಣೆಯುತ್ತಾನೆ. ಚೀಲ ಇಟ್ಟರೆ ಆಮೆಯಜ್ಜ ಗೆಜ್ಜೆ ಕೊಡುತ್ತಾನೆ. ಗೆಜ್ಜೆ ಸಿಕ್ಕರೆ ಪೀಚು ಉಳಿಯುತ್ತಾನೆ. ಹೊತ್ತು ಮುಳುಗುತ್ತಿದೆ!"

"ಏನು! ಹಣ್ಣಾ?" ಗಿಡದ ಮುಳ್ಳೆಲ್ಲ ನಡುಗಿತು. "ನನ್ನ ಬುಡ ನೋಡೇ. ಮಣ್ಣು ಸುಟ್ಟ ಹಪ್ಪಳದ ಹಾಗಾಗಿದೆ. ದಿನಾ ಇರುವೆಗಳು ಬಂದು ಕೆದಕುತ್ತಿದ್ದವು. ಬೇರಿಗೆ ಉಸಿರು ಬರುತ್ತಿತ್ತು. ಇವತ್ತು ಒಂದೇ ಒಂದು ಇರುವೆಯೂ ಪತ್ತೆಯಿಲ್ಲ! ಇರುವೆಗಳನ್ನು ಕರೆದು ತಾ. ಹಣ್ಣು ಉದುರಿಸುತ್ತೇನೆ."

ಗೌಜಿಗೆ ಗಾಬರಿ! ಪುಕ್ಕವೆಲ್ಲ ನೆಟ್ಟಗೆ! ಪೊರಕೆಯೋ ಪೊರಕೆ! ಸೂರ್ಯ ಗುಡ್ಡದ ತಲೆ ಮೇಲೆ ಕೂತುಬಿಟ್ಟಿದ್ದ. ಓಡಿದಳು ಇರುವೆಗೂಡಿನ ಹತ್ತಿರ.

"ಇರುವೆಗಳೇ, ಇರುವೆಗಳೇ, ಮಣ್ಣು ಕೆದಕಿ. ಮಣ್ಣು ಕೆದಕಿದರೆ ಕಾರೆಗಿಡ ಹಣ್ಣು ಕೊಡುತ್ತದೆ. ಹಣ್ಣು ಕೊಟ್ಟರೆ ಗೊರವಂಕತ್ತೆ ಹುಳ ತೆಗೆಯುತ್ತಾಳೆ. ಹುಳ ತೆಗೆದರೆ ಕುರಿಯಕ್ಕ ಉಣ್ಣೆ ಕೊಡುತ್ತಾಳೆ. ಉಣ್ಣೆ ಕೊಟ್ಟರೆ ಗೀಜಗಣ್ಣ ಚೀಲ ಹೆಣೆಯುತ್ತಾನೆ. ಚೀಲ ಇಟ್ಟರೆ ಆಮೆಯಜ್ಜ ಗೆಜ್ಜೆ ಕೊಡುತ್ತಾನೆ. ಗೆಜ್ಜೆ ಸಿಕ್ಕರೆ ಪೀಚು ಉಳಿಯುತ್ತಾನೆ. ಹೊತ್ತು ಮುಳುಗುತ್ತಿದೆ!"

ಇರುವೆಗಳು ಸಾಲಾಗಿ ತಲೆಮೇಲೆ ಕೈ ಹೊತ್ತು ಕೂತಿದ್ದವು. ಒಂದೊಂದಕ್ಕೂ ಆರಾರು ಕಾಲು. ಯಾವುದನ್ನು ಹೊತ್ತಿದ್ದವೋ, ಅಂತೂ ಹೊತ್ತಿದ್ದವು.

"ಮಣ್ಣಾ? ನಮ್ಮ ಚುಕ್ಕಿ ಇಲ್ಲದೆ ಮಣ್ಣಾ?" ಅಂದಳು ದೊಡ್ಡಿರುವೆ. "ನಮ್ಮ ಪುಟ್ಟ ಚುಕ್ಕಿ ಆ ನೀಲಿ ಮುಚ್ಚಳದ ಡಬ್ಬಿಯೊಳಗೆ ಸಿಕ್ಕಿಬಿದ್ದಿದ್ದಾಳೆ. ಕಡಲೆಬೀಜದ ವಾಸನೆ ಹಿಡಿದು ಹೋದಳು. ಮುಚ್ಚಳ ಟಪ್ ಅಂತು. ನಾವು ಕೂಗಿ ಕೂಗಿ ಸಾಕಾಯಿತು. ಆಮೆಯಜ್ಜನ ಕಿವಿಗೆ ನಮ್ಮ ಕೂಗು ಎಲ್ಲಿ ಕೇಳಬೇಕು? ಅಲ್ಲಾ, ತಿನ್ನುವುದನ್ನು ಆ ಡಬ್ಬಿಗೆ ಇಡಬಾರದು ಅಂತ ಎಲ್ಲರಿಗೂ ಗೊತ್ತು. ಯಾವ ಪುಣ್ಯಾತ್ಮ ಇಟ್ಟನೋ!"

"ಹೌದು, ಯಾವ ಪುಣ್ಯಾತ್ಮ ಇಟ್ಟ..." ಅಂದಳು ಗೌಜಿ.

ಬಾಯಿ ತೆರೆದದ್ದು ತೆರೆದ ಹಾಗೇ ಉಳಿಯಿತು.

ಮೊನ್ನೆ. ಬಂಡೆ ಸಂದಿ. ಕೈಗೆ ಗೆಜ್ಜೆ ಸಿಕ್ಕಿದ ಖುಷಿ. ಬದಲಿಗೆ ಏನಿಡಲಿ? ಏನೋ ಒಂದು. ಕೊಕ್ಕಿನಲ್ಲಿದ್ದ ಕಡಲೆಬೀಜ. ಆಮೆಯಜ್ಜನಿಗೆ ಗೊರಕೆ ನಿದ್ದೆ. ಯಾರು ನೋಡುತ್ತಾರೆ?

ಈ ಸಲ ಗೌಜಿಯ ಪುಕ್ಕ ನೆಟ್ಟಗಾಗಲಿಲ್ಲ. ಎಲ್ಲ ಪುಕ್ಕ ಮೈಗೆ ಅಂಟಿಕೊಂಡಿತು. ಪೊರಕೆ ಹೋಗಿ ಬದನೆಕಾಯಿ ಆದಳು.

"ನಾನೇ," ಅಂದಳು ಮೆಲ್ಲಗೆ.

"ಹಾಂ!" ಅಂದವು ಎಲ್ಲ ಇರುವೆಗಳು. ಆರಾರು ಕಾಲೂ ಒಟ್ಟಿಗೆ ಮೇಲೆ.

ಗೌಜಿ ಅಲ್ಲಿ ನಿಲ್ಲಲಿಲ್ಲ. ಓಡಿದಳು. ಆವತ್ತು ಅವಳು ಓಡಿದ ಓಟ ನಾನು ಚಿಕ್ಕಂದಿನಲ್ಲಿ ಓಡುತ್ತಿದ್ದಷ್ಟೇ ಜೋರು. ಅಂದರೆ ಗಾಳಿ ಹಿಂದೆ, ಅವಳು ಮುಂದೆ.

"ಆಮೆಯಜ್ಜಾ, ಮುಚ್ಚಳ ತೆಗಿ!"

"ಏನು ತಂದೆ?"

"ಏನೂ ತಂದಿಲ್ಲ. ಒಳಗೆ ಚುಕ್ಕಿ ಇರುವೆ ಇದ್ದಾಳೆ. ಗೆಜ್ಜೆ ತಗೊಂಡು ಕಡಲೆಬೀಜ ಇಟ್ಟವಳು ನಾನೇ ಅಜ್ಜಾ."

ಆಮೆಯಜ್ಜನ ಕತ್ತು ಹೊರಗೆ ಬಂತು. ಇನ್ನೂ ಬಂತು. ಬರುತ್ತಲೇ ಇತ್ತು. ಅಷ್ಟುದ್ದ ಕತ್ತು ಇದೆ ಅಂತ ಅಜ್ಜನಿಗೇ ಗೊತ್ತಿರಲಿಲ್ಲ!

"ನೀನೇನಾ!"

"ಅಮ್ಮಾ! ನೀನಾ!" ಅಂದ ಪೀಚು.

ಅಜ್ಜ ಮೂಗಿನಿಂದ ನೀಲಿ ಮುಚ್ಚಳ ಎತ್ತಿದ. ಚುಕ್ಕಿ ಹೊರಗೆ ಬಂದಳು. "ಕತ್ತಲು! ಕತ್ತಲೆಯಲ್ಲಿ ಗಿಲ್! ಗಿಲ್ ಆದಮೇಲೂ ಕತ್ತಲು!" ಅಂತ ಬಡಬಡಿಸಿದಳು.

ಡಬ್ಬಿಯೊಳಗೆ ಗೆಜ್ಜೆ ಹೊಳೆಯಿತು. ಕೊಕ್ಕು ಚಾಚಿದರೆ ಸಿಗುವಷ್ಟು ಹತ್ತಿರ.

"ಅಮ್ಮಾ, ತಗೋ! ಬೇಗ ತಗೋ!" ಅಂದ ಪೀಚು. ದೂರದ ಹುಲ್ಲಿನಲ್ಲಿ ಏನೋ ಸರಕ್ ಅಂತು.

ಗೌಜಿ ಗೆಜ್ಜೆ ನೋಡಿದಳು. ಹುಲ್ಲು ನೋಡಿದಳು. ಪೀಚುವನ್ನು ನೋಡಿದಳು.

"ಇಲ್ಲ ಮಗನೇ. ಮೊದಲು ಇಡೋಣ. ಆಮೇಲೆ ತಗೊಳ್ಳೋಣ."

ಚುಕ್ಕಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಓಡಿದಳು.

ಚುಕ್ಕಿ ಮನೆ ಸೇರಿದಳು. ಇರುವೆಗಳು ಮಣ್ಣು ಕೆದಕಿದವು. ಕಾರೆಗಿಡ ಹಣ್ಣು ಕೊಟ್ಟಿತು. ಗೊರವಂಕತ್ತೆ ಹಣ್ಣು ತಿಂದು ಬಾಯಿ ಚಪ್ಪರಿಸಿ ಹುಳ ತೆಗೆದಳು. ಕುರಿಯಕ್ಕ ಉಣ್ಣೆ ಕೊಟ್ಟಳು, "ಈಗ ಕೇಳಿಸ್ತಾ ಇದೆ ಕಣೇ, ಮೆಲ್ಲಗೆ ಮಾತಾಡು!" ಅಂದಳು. ಗೀಜಗಣ್ಣ ಚೀಲ ಹೆಣೆದ. ಹೆಬ್ಬೆರಳಷ್ಟು ಚೀಲ. ಹೊರಗೆ ಚಿನ್ನದ ಬಣ್ಣದ ಹುಲ್ಲು, ಒಳಗೆ ಮೋಡದಷ್ಟು ಮೆತ್ತನೆ ಉಣ್ಣೆ, ಮೇಲೊಂದು ಪುಟ್ಟ ಹಿಡಿ.

ಗೌಜಿ ಚೀಲವನ್ನು ಆಮೆಯಜ್ಜನ ಮುಂದೆ ಇಟ್ಟಳು.

ಅಜ್ಜ ಚೀಲ ನೋಡಿದ. ಮೂಗು ಒಳಗಿಟ್ಟು ನೋಡಿದ. ಕಣ್ಣು ಮುಚ್ಚಿದ.

"ಹಾ!"

ಚೀಲ ಡಬ್ಬಿಯೊಳಗೆ. ಗೆಜ್ಜೆ ಡಬ್ಬಿಯ ಹೊರಗೆ. ಮುಚ್ಚಳ ಟಪ್.

ಸೂರ್ಯನ ಕೊನೆಯ ಚೂರು ಗುಡ್ಡದ ಹಿಂದೆ ಇಳಿಯುತ್ತಿತ್ತು. ಗೌಜಿ ಮುಂದೆ, ಪೀಚು ಹಿಂದೆ, ಹುಲ್ಲಿಗೆ ಇಳಿದರು. ಹುಲ್ಲು ಯಾವುದೋ, ಪೀಚು ಯಾವುದೋ! ಅಷ್ಟರಲ್ಲಿ ಎದುರಿಗೆ ಎರಡು ಹಸಿರು ಕಣ್ಣು.

ಕಾಡುಬೆಕ್ಕು!

ಗೌಜಿಗೆ ಗಾಬರಿ! ಪುಕ್ಕವೆಲ್ಲ ನೆಟ್ಟಗೆ! ಪೀಚುವಿಗೂ ಗಾಬರಿ! ಅವನ ಪುಕ್ಕವೂ ನೆಟ್ಟಗೆ! ದೊಡ್ಡ ಪೊರಕೆ, ಸಣ್ಣ ಪೊರಕೆ! ಗಡಗಡ ನಡುಗಿದ ಪೀಚುವಿನ ಕೊರಳಲ್ಲಿ...

ಗಿಲ್ ಗಿಲ್! ಗಿಲ್ ಗಿಲ್!

"ಅಯ್ಯೋ, ನಾಯಿ ಬಂತು!" ಕಾಡುಬೆಕ್ಕು ಬಾಲ ಎತ್ತಿ ಓಟ. ಗುಡ್ಡ ಹತ್ತಿತು, ಗುಡ್ಡ ಇಳಿಯಿತು, ಇವತ್ತಿಗೂ ಎಲ್ಲೋ ಓಡುತ್ತಲೇ ಇದೆ.

ಗೂಡಿನಲ್ಲಿ ಪೀಚು ಅಮ್ಮನ ರೆಕ್ಕೆಯೊಳಗೆ ತೂರಿಕೊಂಡ.

"ಅಮ್ಮಾ, ನಾನು ಇನ್ನೊಂದು ಸಲ ಡಬ್ಬಿಗೆ ಹೋದರೆ?"

"ಹೋಗು. ಆದರೆ ಹೋಗುವಾಗ ಏನಿರಬೇಕು ಕೊಕ್ಕಿನಲ್ಲಿ?"

"ಹಾ!" ಅಂದ ಪೀಚು. ಅಂದವನೇ ನಿದ್ದೆ ಹೋದ. ಗಿಲ್.

ಕತೆ ಮುಗಿಯಿತು, ಮಕ್ಕಳೇ. ಎಲ್ಲ ನಿಜ. ಆಮೆ ಮಾತಾಡಿದ್ದು ನಿಜ. ಇರುವೆ ತಲೆಮೇಲೆ ಕೈ ಹೊತ್ತದ್ದು ನಿಜ. ಆದರೆ... ತಾಳಿ, ಮೀಸೆ ಯಾಕೋ ಸ್ವಲ್ಪ ಅಲ್ಲಾಡುತ್ತಿದೆ. ಸರಿ, ಹೇಳಿಬಿಡುತ್ತೇನೆ. ಒಂದೇ ಒಂದು ಸಣ್ಣ ವಿಷಯ ನಾನೇ ಸೇರಿಸಿದ್ದು. ಆ ಡಬ್ಬಿಯ ಮುಚ್ಚಳ ನೀಲಿ ಅಲ್ಲ. ಮತ್ತೆ ಯಾವ ಬಣ್ಣ? ಅದನ್ನು ಮಾತ್ರ ಹೇಳುವುದಿಲ್ಲ. ಹೇಳಿಬಿಟ್ಟರೆ ಹುಡುಕುವುದಕ್ಕೆ ನಿಮಗೆ ಏನು ಉಳಿಯುತ್ತದೆ?